ಸ್ಕೂಟರಿನ ಗಾಲಿಗೆ ಪೇಂಟೋ, ಪೌಡರ್ ಕೋಟಿಂಗೋ?

ಮಕ್ಕಳೇ, ಹಾಸನದ ವಿಮಾನ ನಿಲ್ದಾಣಕ್ಕೆ ಜಾಗ ಗೊತ್ತುಮಾಡಿದ ಊರು ಬೂವನಹಳ್ಳಿ ಎಂದು ನೀವು ಕೇಳಿರಬಹುದು. ಆ ಊರಿಗೆ ಒಮ್ಮೆ ವಿಜ್ಞಾನ ಪ್ರಯೋಗಗಳನ್ನು ತೋರಿಸಲು ಹೋಗಿದ್ದೆ. ತುಕ್ಕಿನ ಪಾಠ ಮುಗಿಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನಮ್ಮಪ್ಪನ ಸ್ಕೂಟರ್ ಗಾಲಿ ತುಕ್ಕು ಹಿಡಿದಿದೆ. ಹೋದ ವರ್ಷ ಪೇಂಟ್ ಹೊಡೆದಿದ್ರು. ಮಳೆಗಾಲ ಮುಗಿಯೋ ಹೊತ್ತಿಗೆ ಗುಳ್ಳೆ ಎದ್ದು ಉದುರಿಹೋಯ್ತು. ಈಗ ಯಾರೋ ಪೌಡರ್ ಕೋಟಿಂಗ್ ಮಾಡಿಸಿ ಅಂದರಂತೆ. ಯಾವುದು ಒಳ್ಳೇದು ಸಾರ್?"

ಒಳ್ಳೆಯ ಪ್ರಶ್ನೆ. ಆದರೆ ಗಾಲಿಯನ್ನು ನೋಡದೆ ಉತ್ತರ ಹೇಳುವುದು ಹೇಗೆ? ಸಂಜೆ ಅವಳ ತಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಸ್ಕೂಟರಿನಲ್ಲೇ ಬಂದರು. ಅದು ಹಳೆಯ ಬಜಾಜ್ ಚೇತಕ್. 1972ರಲ್ಲಿ ಮೊದಲು ತಯಾರಾದ ಈ ಪೆಟ್ರೋಲ್ ಸ್ಕೂಟರುಗಳು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಓಡುತ್ತವೆ. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು. ಆಲೂಗಡ್ಡೆ ಹಾಕುವ ಕಾಲದಲ್ಲಿ ಗೊಬ್ಬರದ ಮೂಟೆ. ಉಳಿದಂತೆ ಹಾಸನದ ಸಂತೆ. ಗಾಡಿ ನಿಂತರೆ ಮನೆಯ ವರಮಾನವೂ ನಿಲ್ಲುತ್ತದೆ.

"ಸಲ ಸಲಕ್ಕೂ ದುಡ್ಡು ಹಾಕೋಕಾಗಲ್ಲ ಮೇಷ್ಟ್ರೇ. ಒಂದೇ ಸಲ ಸರಿಯಾಗಿ ಮಾಡಿಸಬೇಕು" ಎಂದರು ಆ ತಂದೆ.

ಸರಿ, ನಾವೂ ಒಂದೊಂದಾಗಿ ವಿಚಾರ ಮಾಡೋಣ ಬನ್ನಿ.

ಗಾಲಿಗೆ ಲೇಪನ ಏಕೆ ಬೇಕು?

ಚೇತಕ್ ಸ್ಕೂಟರಿನ ಗಾಲಿ ಉಕ್ಕಿನ ತಗಡನ್ನು ಒತ್ತಿ ಮಾಡಿದ್ದು. ಉಕ್ಕಿನಲ್ಲಿ ಹೆಚ್ಚಿನ ಪಾಲು ಕಬ್ಬಿಣ. ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಎರಡೂ ತಾಗಿದರೆ ತುಕ್ಕು ಹುಟ್ಟುತ್ತದೆ. ಇವೆರಡರಲ್ಲಿ ಒಂದನ್ನು ದೂರವಿಟ್ಟರೂ ಸಾಕು, ತುಕ್ಕು ಹಿಡಿಯುವುದಿಲ್ಲ. ಲೇಪನ ಮಾಡುವ ಕೆಲಸ ಇಷ್ಟೇ: ಕಬ್ಬಿಣಕ್ಕೂ ಹೊರಗಿನ ತೇವಕ್ಕೂ ನಡುವೆ ಗೋಡೆಯಂತೆ ನಿಲ್ಲುವುದು.

ತುಕ್ಕಿಗೆ ಎರಡು ಕೆಟ್ಟ ಗುಣಗಳಿವೆ. ಮೊದಲನೆಯದು, ಅದು ಪದರ ಪದರವಾಗಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ, ಅದೂ ತುಕ್ಕಾಗುತ್ತದೆ. ಎರಡನೆಯದು, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಪೇಂಟಿನ ಅಡಿಯಲ್ಲಿ ತುಕ್ಕು ಬೆಳೆದರೆ ಅದು ಪೇಂಟನ್ನು ಒಳಗಿನಿಂದ ಮೇಲಕ್ಕೆ ನೂಕುತ್ತದೆ. ಆ ಹುಡುಗಿ ಹೇಳಿದ ಗುಳ್ಳೆ ಹೀಗೆ ಎದ್ದದ್ದು.

ನೀರಿನಲ್ಲಿ ಲವಣ ಕರಗಿದ್ದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ರೈತರು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವೇ. ಅಡುಗೆ ಉಪ್ಪಿಗೆ ಅದು ಹತ್ತಿರದ ನೆಂಟ. ಮೂಟೆಯಿಂದ ಸೋರಿದ ಹರಳುಗಳು ಗಾಲಿಯ ಮೇಲೆ ಬಿದ್ದು, ಮೇಲೆ ಮಳೆಹನಿಯೂ ಬಿದ್ದರೆ ಏನಾಗುತ್ತದೆ, ಯೋಚಿಸಿ.

ಮಾಡಿ ನೋಡಿ – 1

ಬೇಕಾಗುವ ಸಾಮಗ್ರಿ: ಒಂದೇ ಅಳತೆಯ ನಾಲ್ಕು ಕಬ್ಬಿಣದ ಮೊಳೆಗಳು, ಉಗುರಿಗೆ ಹಚ್ಚುವ ಬಣ್ಣ, ನಾಲ್ಕು ಗಾಜಿನ ಲೋಟ, ಉಪ್ಪು, ನೀರು, ಉಪ್ಪುಕಾಗದ.

ಒಂದು ಮೊಳೆಯನ್ನು ನಾಲ್ಕು ದಿನ ಮೊದಲೇ ಉಪ್ಪುನೀರಿನಲ್ಲಿಟ್ಟು ತುಕ್ಕು ಬರಿಸಿ, ತೆಗೆದು ಒಣಗಿಸಿ. ಇದು 'ಈ' ಮೊಳೆ. ಉಳಿದ ಮೂರನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ. ಇವು 'ಅ', 'ಆ', 'ಇ'.

'ಅ' ಮೊಳೆಗೆ ಏನನ್ನೂ ಹಚ್ಚಬೇಡಿ. 'ಆ' ಮೊಳೆಗೆ ಎಲ್ಲೂ ಬಿಡದಂತೆ ಉಗುರುಬಣ್ಣ ಹಚ್ಚಿ. 'ಇ' ಮೊಳೆಗೂ ಹಾಗೆಯೇ ಹಚ್ಚಿ, ಒಣಗಿದ ಮೇಲೆ ಸೂಜಿಯಿಂದ ಒಂದು ಗೀರು ಎಳೆಯಿರಿ. 'ಈ' ಮೊಳೆಗೆ ತುಕ್ಕಿನ ಮೇಲೆಯೇ ಬಣ್ಣ ಹಚ್ಚಿ. ನಾಲ್ಕನ್ನೂ ಒಂದೇ ಅಳತೆಯ ಉಪ್ಪುನೀರು ಇರುವ ಲೋಟಗಳಲ್ಲಿ ಅರ್ಧ ಮುಳುಗುವಂತೆ ನಿಲ್ಲಿಸಿ. ಒಂದು ವಾರ ದಿನವೂ ನೋಡಿ, ಕಂಡದ್ದನ್ನು ಬರೆದಿಡಿ.

ನಾಲ್ಕು ಲೋಟಗಳಲ್ಲೂ ನೀರು, ಉಪ್ಪು, ಮೊಳೆಯ ಅಳತೆ ಎಲ್ಲ ಒಂದೇ ಆಗಿರಲಿ. ಬದಲಾಗುವುದು ಮೊಳೆಯ ಮೈ ಮಾತ್ರ. ಹಾಗಿದ್ದರೆ ಮಾತ್ರ ವ್ಯತ್ಯಾಸಕ್ಕೆ ಕಾರಣ ಯಾವುದು ಎಂದು ಹೇಳಲು ಬರುತ್ತದೆ.

ಬೂವನಹಳ್ಳಿಯ ಮಕ್ಕಳೂ ಇದನ್ನೇ ಮಾಡಿದರು. 'ಅ' ಮೊಳೆ ಬೇಗ ಕೆಂಪಾಯಿತು. 'ಆ' ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು. 'ಇ' ಮೊಳೆಯ ಗೀರಿನಲ್ಲಿ ಮೊದಲು ತುಕ್ಕು ಕಾಣಿಸಿ, ಆಮೇಲೆ ಬಣ್ಣದ ಅಡಿಗೆ ಹರಿಯಿತು. 'ಈ' ಮೊಳೆಯ ಬಣ್ಣ ಸಿಪ್ಪೆಯಂತೆ ಎದ್ದಿತು. ಅದನ್ನು ನೋಡಿದ ಕೂಡಲೇ ಆ ಹುಡುಗಿ, "ನಮ್ಮಪ್ಪ ಮಾಡಿದ್ದು ಇದೇ ಸಾರ್, ತುಕ್ಕಿನ ಮೇಲೇ ಪೇಂಟ್ ಹೊಡೆದಿದ್ರು" ಎಂದಳು. ಹೋದ ವರ್ಷದ ತಪ್ಪು ಪೇಂಟಿನದಲ್ಲ, ಪೇಂಟಿನ ಅಡಿಯಲ್ಲಿದ್ದ ಮೈಯದು ಎಂದು ಅವಳಿಗೆ ಹೊಳೆದಿತ್ತು.

ಪೇಂಟಿನಲ್ಲಿ ಏನಿದೆ?

ಪೇಂಟಿನಲ್ಲಿ ಮುಖ್ಯವಾಗಿ ಮೂರು ಭಾಗಗಳು. ಬಣ್ಣ ಕೊಡುವ ನುಣುಪಾದ ಪುಡಿ ಒಂದು. ಆ ಪುಡಿಯನ್ನು ಮೈಗೆ ಅಂಟಿಸಿ ಹಿಡಿಯುವ ರಾಳ ಇನ್ನೊಂದು. ಎರಡನ್ನೂ ತೆಳುವಾಗಿಸಿ ಹರಡಲು ನೆರವಾಗುವ ದ್ರಾವಕ ಮೂರನೆಯದು. ಪೇಂಟ್ ಅಂಗಡಿಯ 'ತಿನ್ನರ್' ಇಂಥ ದ್ರಾವಕ. ಬಳಿದ ಮೇಲೆ ದ್ರಾವಕ ಆವಿಯಾಗಿ ಹಾರಿಹೋಗುತ್ತದೆ. ಹೊಸ ಪೇಂಟಿನ ವಾಸನೆ ಬಹುಮಟ್ಟಿಗೆ ಈ ಆವಿಯದೇ. ಅದನ್ನು ಹೆಚ್ಚಾಗಿ ಉಸಿರಾಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ, ಬೆಂಕಿ ಹತ್ತಿರವಿದ್ದರೆ ಅಪಾಯವೂ ಹೌದು.

ಲೋಹಕ್ಕೆ ಪೇಂಟ್ ಹೊಡೆಯುವವರು ಮೊದಲು ಪ್ರೈಮರ್ ಹಚ್ಚುತ್ತಾರೆ. ಮನೆಯ ಕಿಟಕಿಯ ಸರಳುಗಳಿಗೆ ಬಳಿಯುವ ಕೆಂಪು ಬಣ್ಣದ 'ರೆಡ್ ಆಕ್ಸೈಡ್' ಒಂದು ಪ್ರೈಮರ್. ಅದು ಲೋಹವನ್ನೂ ಮೇಲಿನ ಬಣ್ಣವನ್ನೂ ಬೆಸೆಯುತ್ತದೆ. ಅದರ ಮೇಲೆ ಬಣ್ಣ, ಬೇಕಿದ್ದರೆ ಹೊಳಪಿನ ಪದರ. ಒಂದೊಂದು ಪದರ ಒಣಗಲೂ ಸಮಯ ಬೇಕು.

ನಿಮಗೆ ಗೊತ್ತೆ?

ನಮ್ಮ ರಾಜ್ಯದಲ್ಲೇ ಒಂದು ಹಳೆಯ ಬಣ್ಣದ ಕಾರ್ಖಾನೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅದು. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸಿ ಕೊಡುತ್ತಿರುವುದು ಇದೇ ಕಾರ್ಖಾನೆ.

ಪುಡಿ ಲೇಪನ ಎಂದರೇನು?

ಪೌಡರ್ ಕೋಟಿಂಗಿನಲ್ಲಿ ದ್ರಾವಕವೇ ಇಲ್ಲ. ರಾಳ ಮತ್ತು ಬಣ್ಣ ಸೇರಿದ ಒಣ ಪುಡಿಯನ್ನು ಲೋಹಕ್ಕೆ ಸಿಂಪಡಿಸಿ, ಒಲೆಯಲ್ಲಿ ಕಾಯಿಸುತ್ತಾರೆ. 1950ರ ದಶಕದ ಮೊದಲ ಭಾಗದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬ ವಿಜ್ಞಾನಿ, ಕಾಯಿಸಿದ ಲೋಹವನ್ನು ಗಾಳಿಯಲ್ಲಿ ತೇಲುವ ಪ್ಲಾಸ್ಟಿಕ್ ಪುಡಿಯೊಳಗೆ ಅದ್ದುವ ವಿಧಾನವನ್ನು ರೂಪಿಸಿದರು. 1960ರ ದಶಕದಲ್ಲಿ ವಿದ್ಯುತ್ತಿನ ಸಹಾಯದಿಂದ ಪುಡಿ ಸಿಂಪಡಿಸುವ ವಿಧಾನ ಬಳಕೆಗೆ ಬಂದಿತು. ಇಂದು ಕಿಟಕಿ ಚೌಕಟ್ಟು, ಕಬ್ಬಿಣದ ಬೀರು, ಸೈಕಲ್, ವಾಹನಗಳ ಭಾಗಗಳು ಹೀಗೆ ಅನೇಕ ವಸ್ತುಗಳಿಗೆ ಈ ಲೇಪನವಿದೆ.

ಇಲ್ಲಿ ಒಂದು ಪ್ರಶ್ನೆ. ಗೋಡೆಗೆ ಸುಣ್ಣದ ನೀರು ಬಳಿದರೆ ಅಂಟುತ್ತದೆ. ಒಣ ರಂಗೋಲಿ ಪುಡಿಯನ್ನು ಗೋಡೆಗೆ ಎರಚಿದರೆ ಅಂಟುತ್ತದೆಯೆ? ಇಲ್ಲ, ಕೆಳಗೆ ಸುರಿಯುತ್ತದೆ. ಹಾಗಾದರೆ ಒಣ ಪುಡಿ ಗಾಲಿಗೆ ಅಂಟುವುದು ಹೇಗೆ?

ಮಾಡಿ ನೋಡಿ – 2

ಪ್ಲಾಸ್ಟಿಕ್ ಸ್ಕೇಲನ್ನು ಎಣ್ಣೆ ಹಚ್ಚದ ಒಣ ಕೂದಲಿಗೆ ಚೆನ್ನಾಗಿ ಉಜ್ಜಿ. ಕಾಗದದ ಮೇಲೆ ತೆಳುವಾಗಿ ಉದುರಿಸಿದ ಸೀಮೆಸುಣ್ಣದ ಪುಡಿಯ ಹತ್ತಿರ ತನ್ನಿ. ಪುಡಿ ಹಾರಿ ಸ್ಕೇಲಿಗೆ ಅಂಟುತ್ತದೆ. ಮಳೆಗಾಲದ ತೇವದ ದಿನಗಳಿಗಿಂತ ಒಣ ಹವೆಯ ದಿನಗಳಲ್ಲಿ ಈ ಪ್ರಯೋಗ ಚೆನ್ನಾಗಿ ಬರುತ್ತದೆ.

ಉಜ್ಜಿದಾಗ ಸ್ಕೇಲಿನಲ್ಲಿ ವಿದ್ಯುದಾವೇಶ ಸೇರುತ್ತದೆ. ಇದು ಸ್ಥಿರ ವಿದ್ಯುತ್ತು. ಪೌಡರ್ ಕೋಟಿಂಗ್ ಮಾಡುವವರ ಕೈಯಲ್ಲಿರುವ ಸಿಂಪಡಿಸುವ ಗನ್ನಿನ ತುದಿಯಲ್ಲಿ ಸಾಮಾನ್ಯವಾಗಿ 60,000ದಿಂದ 1,00,000 ವೋಲ್ಟ್ ಇರುತ್ತದೆ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್ ಎಂಬುದನ್ನು ನೆನಪಿಸಿಕೊಳ್ಳಿ. ಆದರೆ ಗನ್ನಿನಲ್ಲಿ ಹರಿಯುವ ವಿದ್ಯುತ್ ಪ್ರವಾಹ ತೀರಾ ಕಡಿಮೆ. ಪುಡಿಯ ಕಣಗಳು ಅಲ್ಲಿ ಋಣ ಆವೇಶ ಪಡೆಯುತ್ತವೆ. ಗಾಲಿಯನ್ನು ತಂತಿಯ ಮೂಲಕ ಭೂಮಿಗೆ ಸೇರಿಸಿರುತ್ತಾರೆ. ಆವೇಶ ಹೊತ್ತ ಕಣಗಳು ಗಾಲಿಯ ಕಡೆಗೆ ಸೆಳೆಯಲ್ಪಟ್ಟು ಅಂಟಿಕೊಳ್ಳುತ್ತವೆ. ಕೆಲವು ಕಣಗಳು ಬಳಸಿಕೊಂಡು ಹೋಗಿ ಹಿಂಬದಿಗೂ ಅಂಟುತ್ತವೆ! ಅಂಟದೆ ಕೆಳಗೆ ಬಿದ್ದ ಪುಡಿಯನ್ನು ಸಂಗ್ರಹಿಸಿ, ಜರಡಿ ಹಿಡಿದು ಮತ್ತೆ ಬಳಸಬಹುದು.

ಒಂದು ತೊಡಕೂ ಇದೆ. ಆಳವಾದ ಒಳಮೂಲೆಗಳಿಗೆ ಪುಡಿ ಸುಲಭವಾಗಿ ಹೋಗುವುದಿಲ್ಲ. ಲೋಹದ ಗೂಡಿನ ಹೊರಗಿನ ವಿದ್ಯುತ್ತಿನ ಪ್ರಭಾವ ಒಳಗೆ ತಲುಪುವುದಿಲ್ಲ ಎಂದು ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ್ದರು. ಗಾಲಿಯ ಆಳದ ಮೂಲೆಗಳಲ್ಲೂ ಕೊಂಚ ಹಾಗೆಯೇ. ಅನುಭವವಿರುವ ಕೆಲಸಗಾರರು ಆ ಜಾಗಗಳಿಗೆ ವಿಶೇಷ ಗಮನ ಕೊಡುತ್ತಾರೆ.

ಬೆಲ್ಲದ ಪಾಕವೋ, ಇಡ್ಲಿಯೋ?

ಪುಡಿ ಅಂಟಿದ ಗಾಲಿಯನ್ನು ಈಗ ಕೈಯಿಂದ ಮುಟ್ಟಿದರೆ ಪುಡಿ ಅಳಿಸಿಹೋಗುತ್ತದೆ. ಅದನ್ನು ಗಟ್ಟಿ ಮಾಡುವುದು ಶಾಖ. ಗಾಲಿಯನ್ನು ಒಲೆಯೊಳಗೆ ತೂಗುಹಾಕಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 20 ನಿಮಿಷ ಇಡುತ್ತಾರೆ. ಪುಡಿ ಕರಗಿ ಹರಡಿಕೊಳ್ಳುತ್ತದೆ. ಅಷ್ಟರಲ್ಲಿ ರಾಳದ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ.

ಬೆಲ್ಲದ ಪಾಕ ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಕರಗುತ್ತದೆ. ಇಡ್ಲಿ ಹಾಗಲ್ಲ. ಒಮ್ಮೆ ಬೆಂದ ಇಡ್ಲಿಯನ್ನು ಎಷ್ಟು ಕಾಯಿಸಿದರೂ ಅದು ಮತ್ತೆ ಹಿಟ್ಟಾಗುವುದಿಲ್ಲ. ಗಾಲಿಗೆ ಬಳಸುವ ಪುಡಿ ಸಾಮಾನ್ಯವಾಗಿ ಇಡ್ಲಿಯ ಜಾತಿಯದು. ಆದ್ದರಿಂದಲೇ ಅದು ಗಟ್ಟಿ. ಆದ್ದರಿಂದಲೇ ಹಳೆಯ ಲೇಪನ ತೆಗೆಯುವುದೂ ಕಷ್ಟ.

ಪುಡಿಯಲ್ಲೂ ಬಗೆಗಳಿವೆ. ಎಪಾಕ್ಸಿ ಪುಡಿ ಲೋಹಕ್ಕೆ ಬಲವಾಗಿ ಅಂಟುತ್ತದೆ. ಆದರೆ ಬಿಸಿಲಿಗೆ ಬಿಟ್ಟರೆ ಹೊಳಪು ಕಳೆದುಕೊಂಡು ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಪಾಲಿಯೆಸ್ಟರ್ ಪುಡಿ ಬಿಸಿಲನ್ನು ಹೆಚ್ಚು ಕಾಲ ತಾಳುತ್ತದೆ. ಹೊರಗೆ ಓಡಾಡುವ ಗಾಡಿಗೆ ಯಾವುದು ಬೇಕು? ನೀವೇ ಹೇಳಿ.

ಎರಡನ್ನೂ ಹೋಲಿಸೋಣ

ದಪ್ಪ: ಪೇಂಟಿನ ಒಂದು ಪದರ ಸುಮಾರು 20ರಿಂದ 40 ಮೈಕ್ರೋಮೀಟರ್. ಪುಡಿ ಲೇಪನ ಒಂದೇ ಸಲಕ್ಕೆ ಸುಮಾರು 60ರಿಂದ 80 ಮೈಕ್ರೋಮೀಟರ್. 1,000 ಮೈಕ್ರೋಮೀಟರ್ ಸೇರಿದರೆ ಒಂದು ಮಿಲಿಮೀಟರ್. ನಿಮ್ಮ ತಲೆಗೂದಲಿನ ದಪ್ಪ ಹೆಚ್ಚು ಕಡಿಮೆ ಪುಡಿ ಲೇಪನದಷ್ಟೇ.

ಬಾಳಿಕೆ: ಕಲ್ಲು ಸಿಡಿದು ಬಡಿದರೆ ಪುಡಿ ಲೇಪನ ಸಾಮಾನ್ಯ ಪೇಂಟಿಗಿಂತ ಚೆನ್ನಾಗಿ ತಾಳುತ್ತದೆ. ಅದಕ್ಕೆ ತುಕ್ಕಿಲ್ಲದ ಶುದ್ಧ ಮೈ ಬೇಕೇ ಬೇಕು. ಪೇಂಟಿಗೂ ಇದೇ ನಿಯಮ.

ದುರಸ್ತಿ: ಪೇಂಟ್ ಕಿತ್ತುಬಂದ ಕಡೆ ಉಜ್ಜಿ, ಬ್ರಷ್ಷಿನಿಂದ ಮನೆಯಲ್ಲೇ ಹಚ್ಚಬಹುದು. ಪುಡಿ ಲೇಪನ ಕಿತ್ತುಬಂದರೆ ಆ ಒಂದು ಚೂರಿಗೆ ಮಾತ್ರ ಪುಡಿ ಹಾಕಿ ಬೇಯಿಸಲು ಬರುವುದಿಲ್ಲ. ಅಲ್ಲಿಗೂ ಪೇಂಟನ್ನೇ ಹಚ್ಚಬೇಕು. ಹಾಗೇ ಬಿಟ್ಟರೆ ನೀರು ಒಳಸೇರಿ, ನಮ್ಮ 'ಇ' ಮೊಳೆಯಲ್ಲಿ ಆದಂತೆ ತುಕ್ಕು ಅಡಿಯಲ್ಲೇ ಹರಿಯುತ್ತದೆ.

ಸಿದ್ಧತೆ: ಪುಡಿ ಲೇಪನಕ್ಕೆ ಮೊದಲು ಟೈರು, ಟ್ಯೂಬು, ಬೇರಿಂಗು, ರಬ್ಬರಿನ ಭಾಗಗಳನ್ನೆಲ್ಲ ಬಿಚ್ಚಬೇಕು. 200 ಡಿಗ್ರಿ ಶಾಖದಲ್ಲಿ ಅವು ಉಳಿಯುವುದಿಲ್ಲ. ಪೇಂಟಿಗೆ ಒಲೆ ಬೇಡ.

ಪರಿಸರ: ಪುಡಿಯಿಂದ ದ್ರಾವಕದ ಆವಿ ಇಲ್ಲ. ಆದರೆ ಒಲೆ ಕಾಯಿಸಲು ಇಂಧನ ಬೇಕು.

ಇನ್ನೊಂದು ಮಾತು. ಈಗಿನ ಅನೇಕ ಸ್ಕೂಟರುಗಳಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಗಾಲಿಗಳಿವೆ. ಅವನ್ನು ಅತಿಯಾಗಿ, ಬಹಳ ಹೊತ್ತು ಕಾಯಿಸಿದರೆ ಲೋಹದ ಬಲ ಕುಗ್ಗಬಹುದು. ಆದ್ದರಿಂದ ಒಲೆಯ ಶಾಖವನ್ನು ಅಳೆದು ನೋಡಿ ಕೆಲಸ ಮಾಡುವವರಿಗೆ ಮಾತ್ರ ಅಂಥ ಗಾಲಿಯನ್ನು ಕೊಡಬೇಕು. ಹಳೆಯ ಬಣ್ಣ ತೆಗೆಯಲೆಂದು ಗಾಲಿಯನ್ನು ಬೆಂಕಿಗೆ ಹಾಕುವುದಂತೂ ಕೂಡದು.

ಲೇಪನ ಬೇಡವಾದ ಜಾಗಗಳು

ಬಣ್ಣ ಎಲ್ಲೆಲ್ಲೂ ಇದ್ದರೆ ಒಳ್ಳೆಯದು ಎಂದುಕೊಳ್ಳುತ್ತೀರಾ? ಇಲ್ಲ. ಚೇತಕ್ ಗಾಲಿಯ ರಿಮ್ಮು ಎರಡು ಭಾಗಗಳಲ್ಲಿರುತ್ತದೆ. ಎರಡನ್ನೂ ನಟ್ಟು-ಬೋಲ್ಟುಗಳಿಂದ ಬಿಗಿದಿರುತ್ತಾರೆ. ಪ್ರತಿ ಭಾಗಕ್ಕೂ ಎರಡು ಮುಖ. ಪ್ರತಿ ಮುಖಕ್ಕೂ 80 ಮೈಕ್ರೋಮೀಟರ್ ಲೇಪನವಾದರೆ, ನಟ್ಟಿನ ಅಡಿಯಲ್ಲಿ ಒಟ್ಟು ಎಷ್ಟು?

4 × 80 = 320 ಮೈಕ್ರೋಮೀಟರ್, ಅಂದರೆ 0.32 ಮಿಲಿಮೀಟರ್.

ಉಕ್ಕು ಬಿಗಿತಕ್ಕೆ ಬಗ್ಗುವುದಿಲ್ಲ. ಆದರೆ ರಾಳದ ಪದರ ಒತ್ತಡದಲ್ಲಿ ನಿಧಾನವಾಗಿ ಕುಗ್ಗುತ್ತದೆ. ಅದು ಕುಗ್ಗಿದಷ್ಟೂ ನಟ್ಟು ಸಡಿಲವಾಗುತ್ತದೆ. ಓಡುವ ಗಾಡಿಯ ಗಾಲಿಯ ನಟ್ಟು ಸಡಿಲವಾದರೆ ಏನಾಗಬಹುದು ಎಂದು ಹೇಳಬೇಕಾಗಿಲ್ಲ. ಅದಕ್ಕಾಗಿ ನಟ್ಟು ಕೂರುವ ಜಾಗಕ್ಕೂ ರಿಮ್ಮಿನ ಭಾಗಗಳು ಒಂದನ್ನೊಂದು ತಾಗುವ ಜಾಗಕ್ಕೂ ಶಾಖ ತಾಳುವ ಟೇಪು ಅಂಟಿಸಿ, ಪುಡಿ ಬೀಳದಂತೆ ಮಾಡಿಸಬೇಕು. ಗಾಲಿ ಜೋಡಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಬ್ರೇಕ್ ಡ್ರಮ್ಮಿನ ಒಳಮೈಗೆ, ಬ್ರೇಕ್ ಶೂ ಉಜ್ಜುವ ಕಡೆ, ಪೇಂಟಾಗಲಿ ಪುಡಿಯಾಗಲಿ ತಾಗಲೇಬಾರದು.

ಬೂವನಹಳ್ಳಿಯ ಗಾಲಿಗಳ ಕಥೆ

ಆ ಸ್ಕೂಟರಿಗೆ ಮೂರು ಗಾಲಿ: ಮುಂದಿನದು, ಹಿಂದಿನದು, ಸ್ಟೆಪ್ನಿ. ಮೂರೂ ಒಂದೇ ಅಳತೆ. ಪಂಕ್ಚರ್ ಅಂಗಡಿಯವರು ಮೊದಲು ಟ್ಯೂಬಿನ ಗಾಳಿಯನ್ನು ಪೂರ್ತಿ ಬಿಟ್ಟು, ಆಮೇಲೆ ರಿಮ್ಮಿನ ಭಾಗಗಳನ್ನು ಬಿಚ್ಚಿದರು. ಗಾಳಿ ಇರುವಾಗಲೇ ಆ ನಟ್ಟುಗಳನ್ನು ಬಿಚ್ಚಿದರೆ ಭಾಗಗಳು ಸಿಡಿದು ಪ್ರಾಣಕ್ಕೇ ಅಪಾಯ.

ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ ನೋಡಿದೆವು. ಮುಂದಿನ, ಹಿಂದಿನ ರಿಮ್ಮುಗಳಲ್ಲಿ ತುಕ್ಕು ಮೇಲುಮೇಲಿನದು. ಅಡಿಯ ಉಕ್ಕು ಗಟ್ಟಿಯಾಗಿತ್ತು. ಸ್ಟೆಪ್ನಿಯನ್ನು ಯಾರೂ ವರ್ಷಗಟ್ಟಲೆ ಬಿಚ್ಚಿ ನೋಡಿರಲಿಲ್ಲ. ಅದರ ಅಂಚಿನಲ್ಲಿ ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದಿತು. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗೇ ಹೋಯಿತು.

ಹುಡುಗಿಯ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದಕ್ಕೂ ಪೌಡರ್ ಕೋಟಿಂಗ್ ಮಾಡಿಸಿದ್ದಿದ್ದರೆ ಮೇಷ್ಟ್ರೇ?"

"ಹೊರಗೆ ಹೊಸದರ ಹಾಗೆ ಹೊಳೀತಿತ್ತು. ಒಳಗೆ ತೂತು ಹಾಗೇ ಇರ್ತಿತ್ತು. ಹಾಲು, ಗೊಬ್ಬರದ ಭಾರ ಹೊತ್ತು ಓಡುವಾಗ ಮುರಿದಿದ್ದರೆ?" ಎಂದೆ.

ಲೇಪನ ಲೋಹವನ್ನು ಕಾಯುತ್ತದೆ, ಹೋದ ಲೋಹವನ್ನು ತಂದುಕೊಡುವುದಿಲ್ಲ. ಆ ರಿಮ್ಮು ಗುಜರಿಗೆ ಹೋಯಿತು. ಮೊದಲು ಒಂದು ಹೊಸ ರಿಮ್ಮು ಕೊಂಡರು. ಅದನ್ನು ಹಾಕಿಕೊಂಡು ಗಾಡಿ ಓಡಿಸುತ್ತಲೇ ಉಳಿದೆರಡನ್ನು ಒಂದೊಂದಾಗಿ ಬಿಚ್ಚಿ ಕಳುಹಿಸಿದರು. ಡೈರಿಗೆ ಹಾಲು ಒಂದು ಹೊತ್ತೂ ತಪ್ಪಲಿಲ್ಲ. ದಿನವೂ ಕೆಸರು, ಗೊಬ್ಬರ, ಕಲ್ಲುದಾರಿ ಇರುವುದರಿಂದ ಆ ಎರಡಕ್ಕೆ ಪಾಲಿಯೆಸ್ಟರ್ ಪುಡಿಯ ಲೇಪನವನ್ನೇ ಆರಿಸಿದರು. ನಟ್ಟಿನ ಜಾಗಕ್ಕೆ ಟೇಪು ಅಂಟಿಸಬೇಕೆಂದು ಹುಡುಗಿಯೇ ಚೀಟಿಯಲ್ಲಿ ಬರೆದು, ಚಿತ್ರ ಹಾಕಿ ಕೊಟ್ಟಳು.

ವಾರಕ್ಕೊಮ್ಮೆ ಗಾಡಿ ಪೇಟೆಗೆ ಮಾತ್ರ ಹೋಗಿಬರುತ್ತಿದ್ದರೆ? ಚೆನ್ನಾಗಿ ಉಜ್ಜಿ, ಪ್ರೈಮರ್ ಹಚ್ಚಿ, ಎರಡು ಪದರ ಪೇಂಟ್ ಹೊಡೆದರೆ ಸಾಕು ಎನ್ನುತ್ತಿದ್ದೆ. ಹತ್ತಿರದಲ್ಲಿ ಒಲೆ ಇಲ್ಲದ ಊರಿನವರಿಗೂ ಅದೇ ಸರಿ.

ಮುಂದಿನ ಮಳೆಗಾಲ ಕಳೆದು ನಾನು ಮತ್ತೆ ಆ ಊರಿಗೆ ಹೋದಾಗ ಹುಡುಗಿ ನೋಟ್ ಪುಸ್ತಕ ತಂದು ತೋರಿಸಿದಳು. ಪ್ರತಿ ತಿಂಗಳೂ ಗಾಲಿ ನೋಡಿ ಬರೆದಿದ್ದಳು. ಮೂರನೆಯ ತಿಂಗಳಲ್ಲಿ ಒಂದು ಸಾಲು: 'ಸ್ಪ್ಯಾನರ್ ಜಾರಿ ಹಿಂದಿನ ಗಾಲಿಯಲ್ಲಿ ಅಕ್ಕಿಕಾಳಿನಷ್ಟು ಲೇಪನ ಹೋಗಿದೆ. ಅಪ್ಪ ಒರೆಸಿ ಒಣಗಿಸಿ ಪೇಂಟ್ ಹಚ್ಚಿದರು.' ಅದರ ಮುಂದಿನ ಎಲ್ಲ ತಿಂಗಳೂ ಒಂದೇ ಮಾತು: 'ತುಕ್ಕಿಲ್ಲ.'

ಎಚ್ಚರಿಕೆ

ಹಳೆಯ ಪೇಂಟಿನಲ್ಲಿ ಸೀಸವಿರಬಹುದು. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಸೀಸದ ದೂಳು ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಹಳೆಯ ಪೇಂಟ್ ಉಜ್ಜುವ, ಪೇಂಟ್ ಅಥವಾ ಪುಡಿ ಸಿಂಪಡಿಸುವ ಕೆಲಸವನ್ನು ನೀವು ಮಾಡಬೇಡಿ, ಹತ್ತಿರವೂ ನಿಲ್ಲಬೇಡಿ. ನೋಡುವುದು, ಅಳೆಯುವುದು, ಬರೆದಿಡುವುದು ನಿಮ್ಮ ಕೆಲಸ.

ಯೋಚಿಸಿ, ಉತ್ತರಿಸಿ

1. 'ಆ' ಮತ್ತು 'ಈ' ಮೊಳೆಗಳಿಗೆ ಹಚ್ಚಿದ್ದು ಒಂದೇ ಬಣ್ಣ. ಫಲಿತಾಂಶ ಬೇರೆ ಬಂದದ್ದು ಏಕೆ?
2. ಪುಡಿ ಸಿಂಪಡಿಸುವಾಗ ಗಾಲಿಯನ್ನು ಭೂಮಿಗೆ ಸೇರಿಸದಿದ್ದರೆ ಏನಾಗಬಹುದು?
3. ಮೂರು ಪದರ ಪೇಂಟ್, ಒಂದೊಂದೂ 25 ಮೈಕ್ರೋಮೀಟರ್. ಒಟ್ಟು ದಪ್ಪ ಎಷ್ಟು ಮಿಲಿಮೀಟರ್?
4. ನಿಮ್ಮ ಶಾಲೆಯಲ್ಲಿರುವ ಲೋಹದ ಐದು ವಸ್ತುಗಳನ್ನು ನೋಡಿ. ತುಕ್ಕು ಮೊದಲು ಹಿಡಿದಿರುವುದು ಎಲ್ಲಿ: ಅಂಚಿನಲ್ಲೋ, ಮೂಲೆಯಲ್ಲೋ, ಗೀರಿನಲ್ಲೋ? ಪಟ್ಟಿ ಮಾಡಿ, ಕಾರಣವನ್ನು ತರಗತಿಯಲ್ಲಿ ಚರ್ಚಿಸಿ.